ಶ್ವಾನನಿದ್ರೆ

ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಹಿರಿಯರು ಹೇಳಿದ್ದಾರೆ. ಮಡಿಕೇರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು, ಪರೀಕ್ಷೆ ಸಮೀಪಿಸಿದಾಗಲೆಲ್ಲ ಈ ಮಾತನ್ನು ಬಹು ಗಂಭೀರವಾಗಿ ಉಪದೇಶಿಸುತ್ತಿದ್ದೆ. ಕೊಡಗಿನ ಮಕ್ಕಳಿಗೆ ಜಾಗರಣೆಯ ಸಾಧನಕ್ಕೇನು ಕೊರತೆ? ತೋಟದ ಕಾಫಿಯುಂಟು, ಬೆಲ್ಲವುಂಟು, ಒಲೆಯಲ್ಲಿ ಕೆಂಡವುಂಟು.

ಕಳೆದ ವರ್ಷದ ಪರೀಕ್ಷೆಯಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗನೊಬ್ಬ ಅರ್ಧ ಪುಟ ಬರೆದು, ಆಮೇಲೆ ಕಾಗದವನ್ನೇ ದಿಟ್ಟಿಸುತ್ತ ಕುಳಿತುಬಿಟ್ಟ. ಹೊರಗೆ ಬಂದಮೇಲೆ ವಿಚಾರಿಸಿದೆ. "ಮೂರು ರಾತ್ರಿ ಕಣ್ಣು ಮುಚ್ಚಿಲ್ಲ, ಸರ್. ಓದಿದ್ದೆ, ಬರೆಯಹೊರಟರೆ ಒಂದೂ ನೆನಪಾಗಲಿಲ್ಲ. ನೀವೇ ಹೇಳಿದ್ದಿರಲ್ಲ?" ಎಂದ. ಆ ಮಾತಿನಲ್ಲಿ ದೂರು ಇರಲಿಲ್ಲ. ಇಲ್ಲದ್ದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ಅಂದಿನಿಂದ ನಾನೇ ವಿದ್ಯಾರ್ಥಿಯಾದೆ. ಎಚ್ಚರದ ಹೊತ್ತಿನಲ್ಲಿ ಮೆದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಸಂಗ್ರಹವಾಗುತ್ತ ಹೋಗಿ ನಿದ್ದೆಯನ್ನು ಕರೆಯುತ್ತದೆ. ಕಾಫಿಯ ಕೆಫೀನ್ ಆ ಕರೆ ಕೇಳದಂತೆ ಕಿವಿ ಮುಚ್ಚುತ್ತದೆಯೇ ಹೊರತು ದಣಿವನ್ನು ಕಳೆಯುವುದಿಲ್ಲ. ಕುಡಿದು 5-6 ಗಂಟೆ ಕಳೆದರೂ ಅದರ ಅರ್ಧಭಾಗ ದೇಹದಲ್ಲೇ ಉಳಿದಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಹೇರಳವಾಗಿ ಬೆಳೆಯುವ ರೊಬಸ್ಟಾದಲ್ಲಂತೂ ಅರೇಬಿಕಾದ ಸುಮಾರು ಇಮ್ಮಡಿ ಕೆಫೀನ್. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆ ಬೇಕು. ನಿದ್ದೆಗೆಟ್ಟು ಓದುವುದೆಂದರೆ ಕಣಜದ ಬಾಗಿಲು ಮುಚ್ಚಿ ಹೊರಗೆ ಭತ್ತ ಸುರಿದಂತೆ. ಹದಿಹರೆಯ ದಾಟಿದವರಿಗೂ ರಾತ್ರಿ 7 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕೆಂಬುದು ವೈದ್ಯರ ಮತ. ಚರಕಸಂಹಿತೆಯೂ ಆಹಾರದೊಡನೆ ನಿದ್ರೆಯನ್ನು ದೇಹದ ಮೂರು ಉಪಸ್ತಂಭಗಳಲ್ಲಿ ಎಣಿಸಿದೆ. ನಾನು ಚರಕನನ್ನು ಬಿಟ್ಟು ಶ್ವಾನವನ್ನು ಹಿಡಿದಿದ್ದೆ!

ಅದನ್ನಾದರೂ ಸರಿಯಾಗಿ ಹಿಡಿದೆನೇ? ಈಚೆಗೆ ನಮ್ಮ ಮನೆಯ ನಾಯಿಯನ್ನು ಗಮನಿಸಿದೆ. ಸಪ್ಪಳವಾದರೆ ತಟ್ಟನೆ ಏಳುವುದು ನಿಜ. ಆದರೆ ಮತ್ತೆ ಮಲಗುತ್ತದೆ. ಹಗಲಿರುಳು ಸೇರಿಸಿ ಲೆಕ್ಕ ಹಾಕಿದರೆ ಅದರ ನಿದ್ದೆ ನನ್ನದಕ್ಕಿಂತ ಹೆಚ್ಚು.

ಈ ವರ್ಷ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಹೀಗೆಂದೆ: ಮಧ್ಯಾಹ್ನದ ಮೇಲೆ ಕಾಫಿ ಬೇಡ; ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ; ಮೊಬೈಲನ್ನು ಹಾಸಿಗೆಯಿಂದ ದೂರವಿಡಿ; ಓದನ್ನು ಪರೀಕ್ಷೆಯ ಮುನ್ನಾದಿನದವರೆಗೆ ಉಳಿಸಬೇಡಿ.

ಆ ಹುಡುಗ ಈಗ ಮರುಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ಮೊನ್ನೆ ಎದುರಾದಾಗ "ಎಷ್ಟು ಓದಿದೆ?" ಎಂದು ಕೇಳಹೊರಟವನು, ಮಾತನ್ನು ತಿದ್ದಿಕೊಂಡು, "ರಾತ್ರಿ ಚೆನ್ನಾಗಿ ನಿದ್ದೆ ಬಂತೇನಪ್ಪ?" ಎಂದು ಕೇಳಿದೆ.