ಜಾನಕಿಯ ಕಥೆಗೆ ಕೊನೆಯ ಕಂತು ಯಾವಾಗ?

ಕಲಬುರಗಿ ಸೀಮೆ ಟಿ.ವಿ. ಕಂಡದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್‌ನಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ಆರಂಭವಾದಾಗ ಆರು ರಾಜ್ಯಗಳ 2,400 ಹಳ್ಳಿಗಳ ಪಟ್ಟಿಯಲ್ಲಿ ಇಲ್ಲಿಯ ಹಳ್ಳಿಗಳೂ ಇದ್ದವು. ವರ್ಷ ತುಂಬಿತು, ಉಪಗ್ರಹ ಸರಿದು ಹೋಯಿತು, ಹಳ್ಳಿಯ ಪರದೆ ಕಪ್ಪಾಯಿತು. ಕಲಬುರಗಿಗೆ ದೂರದರ್ಶನ ಕೇಂದ್ರ ಬಂದದ್ದು 1977ರಲ್ಲಿ. ನೋಡುತ್ತಿದ್ದದ್ದು ನಡುವೆಯೇ ನಿಂತರೆ ಹೇಗಿರುತ್ತದೆ ಎಂದು ಈ ನೆಲದ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ.

2020ರಲ್ಲಿ ಅದೇ ಮತ್ತೆ ಆಯಿತು. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಿಂದ ಕಲರ್ಸ್ ಸೂಪರ್‌ನಲ್ಲಿ ಬರುತ್ತಿತ್ತು. ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಿತು, ಧಾರಾವಾಹಿ ಮರಳಲೇ ಇಲ್ಲ. ಗಾನವಿ ಲಕ್ಷ್ಮಣ್ ನಟಿಸಿದ್ದ ಜಾನಕಿಯನ್ನು ಮನೆಮಗಳಂತೆ ಕಂಡವರಿಗೆ ಉಳಿದದ್ದು ‘ಮುಂದ ಏನಾತ್ರಿ?’ ಎಂಬ ಪ್ರಶ್ನೆ. ಖೂಬಾ ಪ್ಲಾಟ್‌ನ ಮನೆಯಾಗಲಿ, ಕಮಲಾಪುರದ ಮನೆಯಾಗಲಿ, ದಿನಾ ರಾತ್ರಿ ಅರ್ಧ ಗಂಟೆ ಕೊಟ್ಟವರು ಕೇಳುವುದು ಇಷ್ಟನ್ನೇ.

ಕಥೆಯನ್ನು ಒಂದು ಸಿನಿಮಾ ಮಾಡಿ ಮುಗಿಸಬಹುದಲ್ಲ ಎನ್ನುವವರಿದ್ದಾರೆ. ಹೊರಗೆ ಹಾಗೆ ಮಾಡಿ ನೋಡಿದ್ದಾರೆ. ಅಮೆರಿಕದ ಎಬಿಸಿ ವಾಹಿನಿ ‘ಟ್ವಿನ್ ಪೀಕ್ಸ್’ ಅನ್ನು 1991ರಲ್ಲಿ ನಿಲ್ಲಿಸಿದಾಗ ನಾಯಕ ಕೂಪರ್ ಬೇರೊಂದು ಲೋಕದಲ್ಲಿ ಸಿಕ್ಕಿಬಿದ್ದಿದ್ದ. ಮರುವರ್ಷ ಡೇವಿಡ್ ಲಿಂಚ್ ಸಿನಿಮಾ ತಂದರು. ಅದು ಮುಂದಕ್ಕೆ ಹೋಗದೆ, ಕೊಲೆಯಾದ ಲಾರಾಳ ಕೊನೆಯ ದಿನಗಳಿಗೆ ಹಿಂದಿರುಗಿತು. ಅಭಿಮಾನಿಗಳು ಸಿಟ್ಟಾದರು. ಆ ಚಿತ್ರದ ಬೆಲೆ ವಿಮರ್ಶಕರಿಗೆ ತಿಳಿದದ್ದು ಎಷ್ಟೋ ವರ್ಷ ತಡವಾಗಿ. ಕೂಪರ್ ಮರಳಿ ಬಂದದ್ದು 2017ರಲ್ಲಿ, ಅದೂ ಟಿ.ವಿ.ಯಲ್ಲೇ, 18 ಕಂತುಗಳಲ್ಲಿ. ‘ಫೈರ್‌ಫ್ಲೈ’ ಸರಣಿಯ 14 ಕಂತುಗಳಲ್ಲಿ 11 ಮಾತ್ರ ಪ್ರಸಾರವಾಗಿ 2002ರಲ್ಲಿ ನಿಂತಿತು. 2005ರ ‘ಸೆರೆನಿಟಿ’ ಚಿತ್ರ ಕಥೆಯನ್ನೇನೋ ಮುಂದುವರಿಸಿತು, ಆದರೆ ಜನ ಹಚ್ಚಿಕೊಂಡಿದ್ದ ಇಬ್ಬರನ್ನು ಕೊಂದಿತು.

ಈ ನಿರಾಸೆಗೆ ನಿರ್ದೇಶಕರ ಅಸಾಮರ್ಥ್ಯ ಕಾರಣ ಎಂದು ನಾನು ಒಪ್ಪಲಾರೆ. ಧಾರಾವಾಹಿಯ ಪಾತ್ರ ನಮ್ಮ ಜತೆಗೆ ವಯಸ್ಸಾಗುತ್ತದೆ. ಅದರ ಮೌನಕ್ಕೆ, ಜಗಳಕ್ಕೆ, ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ವಾದಗಳಿಗೆ ವಾರಗಟ್ಟಲೆ ಬಿಡುವು ಬೇಕು. ಎರಡೂವರೆ ಗಂಟೆಯಲ್ಲಿ ಅದನ್ನು ಮುಗಿಸಹೊರಟರೆ ಸಾರಾಂಶ ಸಿಗುತ್ತದೆ, ಸಂಗ ಸಿಗುವುದಿಲ್ಲ.

ಸೀತಾರಾಮ್ ಅವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಪಿ. ಶೇಷಾದ್ರಿ, ನಾಗೇಂದ್ರ ಶಾ ಜತೆ 1998ರಲ್ಲಿ ದೂರದರ್ಶನಕ್ಕೆ ಕೊಟ್ಟ ‘ಮಾಯಾಮೃಗ’ವನ್ನು 2022ರಲ್ಲಿ ಮುಂದುವರಿಸಿದಾಗ ಅವರು ಸಿನಿಮಾ ಮಾಡಲಿಲ್ಲ, ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಧಾರಾವಾಹಿಯನ್ನೇ ತಂದರು. ಹಳೆಯ ಪ್ರೇಕ್ಷಕರಿಗೆ ಅದೊಂದು ಗೌರವ. ಜಾನಕಿಯ ದಾರಿ ಕಾದವರಿಗೆ ಮಾತ್ರ ಅದು ಉತ್ತರವಲ್ಲ.

ವಾಹಿನಿಗಳವರಲ್ಲಿ ಒಂದು ಕೋರಿಕೆ. ಟಿಆರ್‌ಪಿ ಬಿದ್ದರೆ, ಹಣ ಸಾಲದಾದರೆ ಧಾರಾವಾಹಿ ನಿಲ್ಲಿಸಿ, ಆದರೆ ಕಥೆ ಮುಗಿಸಲು ಬರಹಗಾರರಿಗೆ ಹತ್ತು ಕಂತು ಕೊಟ್ಟು ನಿಲ್ಲಿಸಿ.