ಕೂಸಿಗೆ ಕೆಮ್ಮು ತಂದವರಾರು?

ಮನೆಯ ಹೊಸ್ತಿಲನ್ನೇ ದಾಟದ ಎಳೆಗೂಸಿಗೆ
ಕೆಮ್ಮು ಬರುವುದಾದರೂ ಎಲ್ಲಿಂದ?

ಕೆನ್ಯಾ ದೇಶದ ಕರಾವಳಿಯ ಕಿಲಿಫಿ ಪ್ರಾಂತದ ಹಳ್ಳಿಗಳಲ್ಲಿ,
2009–10ರಲ್ಲಿ, 47 ಕುಟುಂಬಗಳವರ ಮೂಗಿನ ದ್ರವವನ್ನು
ವಾರಕ್ಕೆ ಎರಡು ಸಲ ಪರೀಕ್ಷಿಸಿದ ಸಂಶೋಧಕರು,
ಆರ್‌ಎಸ್‌ವಿ ಎಂಬ ಶ್ವಾಸಾಂಗದ ವೈರಾಣುವಿನ ಜಾಡು ಹಿಡಿದು ಹೊರಟಾಗ,
ಹಲವು ಮನೆಗಳಲ್ಲಿ ಆ ಜಾಡು ಹೋಗಿ ಮುಟ್ಟಿದುದು
ಶಾಲೆಗೆ ಹೋಗುವ ಅಕ್ಕ, ಅಣ್ಣಂದಿರನ್ನು.

ದೊಡ್ಡ ಮಕ್ಕಳಿಗೆ ಅದು ಬರಿಯ ನೆಗಡಿ;
ಒಮ್ಮೊಮ್ಮೆ ಆ ಲಕ್ಷಣವೂ ತೋರದು.

ಆದರೆ, ಕುಂಕುಮ ಹತ್ತಿದ ಬೆರಳು
ಮುಟ್ಟಿದೆಡೆಯಲ್ಲೆಲ್ಲ ಗುರುತನ್ನು ಉಳಿಸುವಂತೆ,
ಮೂಗನ್ನು ಒರೆಸಿದ ಕೈ,
ಬಟ್ಟಲನ್ನು, ಬಾಗಿಲನ್ನು,
ಕಡೆಗೆ ಕೂಸಿನ ಮುಖವನ್ನು ಸವರುತ್ತ,
ಕಣ್ಣಿಗೆ ಕಾಣದ ವೈರಾಣುವನ್ನು ಹಂಚುತ್ತ ಸಾಗುತ್ತದೆ.
ಕೆಮ್ಮಿದಾಗ, ಸೀನಿದಾಗ ಹಾರುವ ತುಂತುರು
ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗುವವರನ್ನು
ಅನಾಯಾಸವಾಗಿ ತಲುಪುತ್ತದೆ.

ಕೂಸಿನ ಶ್ವಾಸನಾಳಗಳು ಅತಿ ಕಿರಿದು;
ಅವು ತುಸು ಊದಿಕೊಂಡರೂ ಉಸಿರಾಟವು ದುಸ್ತರವಾಗುತ್ತದೆ.

ಆದುದರಿಂದ, ವೀಕ್ಷಕರೇ,
ಶಾಲೆಯಿಂದ ಬಂದ ಮಕ್ಕಳು
ಸೋಪು ಹಚ್ಚಿ ಕೈ ತೊಳೆದ ಬಳಿಕವೇ ಕೂಸನ್ನು ಎತ್ತಿಕೊಳ್ಳಲಿ;
ನೆಗಡಿಯಾದವರು ಅದಕ್ಕೆ ಮುತ್ತಿಡದಿರಲಿ;
ಕೂಸು ಏದುಸಿರು ಬಿಡುತ್ತ ಹಾಲು ಕುಡಿಯಲೊಲ್ಲದಾದರೆ,
ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.