ಮುಂಡಾಸಿನಡಿಯ ಗಂಟು

ಇವತ್ತು ಮೈನರ್ ಓಟಿ ದಿನ. ಮಂಡ್ಯ ಸೀಮೆಯ ಈ ತಾಲ್ಲೂಕು ಆಸ್ಪತ್ರೆಯ ಕೊನೆಯ ಕೋಣೆಯ ಮುಂದೆ ಸಿಮೆಂಟ್ ಬೆಂಚು ಬೆಳಿಗ್ಗೆಯೇ ಭರ್ತಿ. ಒಬ್ಬರಿಗೆ ಕತ್ತಿನ ಹಿಂದೆ, ಇನ್ನೊಬ್ಬರಿಗೆ ಕಿವಿಯ ಬುಡದಲ್ಲಿ ಗಂಟು. ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತ ಯಜಮಾನರದು ನೆತ್ತಿಯ ಮೇಲೆ. ಅವರಪ್ಪನಿಗೂ ಇತ್ತಂತೆ, ಅಕ್ಕನಿಗೂ ಇದೆಯಂತೆ. "ಪಾಲಿಗೆ ಬಂದ ಆಸ್ತಿ" ಎಂದು ಪಕ್ಕದವರಿಗೆ ಹೇಳಿ ನಗುತ್ತಾರೆ. ಮಾತು ಸುಳ್ಳಲ್ಲ, ತಲೆಯ ಈ ಬಗೆಯ ಗಂಟು ವಂಶದಲ್ಲಿ ಇಳಿದು ಬರುವುದುಂಟು. ನೋವಿಲ್ಲದ್ದರಿಂದ ವರ್ಷಗಟ್ಟಲೆ ಸುಮ್ಮನಿದ್ದರು. ಈಚೆಗೆ ಕ್ಷೌರದ ಕತ್ತಿ ಪ್ರತಿಸಲವೂ ತಗುಲಿ ರಕ್ತ ಬರತೊಡಗಿತು.

ಮೇಜಿನ ಮೇಲೆ ಮಲಗಿಸಿ, ಸುತ್ತಲ ಕೂದಲು ಕತ್ತರಿಸಿ, ಕಂದು ಬೆಟಾಡಿನ್ ಬಳಿದು, ನಡುವೆ ತೂತಿರುವ ಹಸಿರು ಬಟ್ಟೆ ಹೊದಿಸಿದ್ದಾರೆ. "ನೋವಾಯ್ತದಾ ಡಾಕ್ಟ್ರೇ?"

"ಸೂಜಿ ಚುಚ್ಚುವಾಗ ಒಂದಿಷ್ಟು ಉರೀತದೆ ಯಜಮಾನ್ರೇ. ಆಮೇಲೆ ಮುಟ್ಟಿದ್ದು ಗೊತ್ತಾಗುತ್ತೆ, ನೋವು ಗೊತ್ತಾಗಲ್ಲ."

ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಬೆರೆತ ಮದ್ದು. ಒಂದು ಮರಗಟ್ಟಿಸುತ್ತದೆ, ಇನ್ನೊಂದು ರಕ್ತನಾಳ ಬಿಗಿಸುತ್ತದೆ. ನೆತ್ತಿಯಲ್ಲಿ ರಕ್ತ ಜಾಸ್ತಿ, ಅದಕ್ಕೆ. ಮದ್ದು ಹಿಡಿಯಲು ಕೆಲವು ನಿಮಿಷ ಕಾಯಬೇಕು. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜ್‌ಗೆ ಈ ಸುಖವಿರಲಿಲ್ಲ. ಅವನ ತಲೆಯ ಇಂಥದೇ ಗಂಟನ್ನು ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಅರಿವಳಿಕೆ ಇಲ್ಲದೆಯೇ ತೆಗೆದ. ಈಥರ್ ಬರಲು 1846 ಆಗಬೇಕಿತ್ತು. ಗಾಯಕ್ಕೆ ನಂಜೇರಿ ದೊರೆ ಸತ್ತಾನೆಂಬ ದಿಗಿಲು ಕೂಪರನಿಗೆ. ಹಾಗಾಗಲಿಲ್ಲ, 1821ರಲ್ಲಿ ಬ್ಯಾರೊನೆಟ್ ಪದವಿಯೇ ಬಂತು.

ಈಗ ಬ್ಲೇಡು. ಕೊಯ್ಯುವುದು ತೊಗಲನ್ನಷ್ಟೇ, ಕೆಳಗಿನ ಚೀಲವನ್ನಲ್ಲ. ಕೈಚಳಕವೆಲ್ಲ ಇಲ್ಲೇ. ಬಾಗಿದ ಫೋರ್ಸೆಪ್ಸ್ ಚೀಲದ ಸುತ್ತ ನಿಧಾನವಾಗಿ ದಾರಿ ಬಿಡಿಸುತ್ತದೆ. ಎರಡೂ ಕಡೆಯಿಂದ ಬೆರಳು ಒತ್ತಿದ್ದೇ ತಡ, ಹಿತುಕಿದ ಅವರೆಕಾಳಿನಂತೆ ಬಿಳಿ ಉಂಡೆ ಪುಳಕ್ಕನೆ ಹೊರಗೆ! ಒಳಗಿರುವುದು ಕೊಬ್ಬೆಂದು ಊರೆಲ್ಲ ನಂಬಿದೆ. ನಿಜಕ್ಕೂ ಅದು ಉಗುರು, ಕೂದಲಲ್ಲಿರುವ ಕೆರಾಟಿನ್. ಅದನ್ನು ಸ್ರವಿಸುವುದು ಚೀಲದ ಗೋಡೆ. ಗೋಡೆಯ ಚೂರು ಉಳಿದರೂ ಗಂಟು ಮತ್ತೆ ಕಟ್ಟೀತು.

ಮುಂದಿನವನು ಕಾಲೇಜು ಹುಡುಗ. ಬೆನ್ನ ಮೇಲಿನ ಗಂಟನ್ನು ಗೆಳೆಯರಿಂದ ಹಿಸುಕಿಸಿಕೊಂಡು, ಮೇಲೆ ಅಜ್ಜಿಯ ಸುಣ್ಣ-ಬೆಲ್ಲವನ್ನೂ ಮೆತ್ತಿಸಿಕೊಂಡು ಬಂದಿದ್ದಾನೆ. ಹಿಸುಕಿದರೆ ಚೀಲ ಒಳಗೇ ಒಡೆಯುತ್ತದೆ, ಸುತ್ತಲಿನ ಮಾಂಸ ಕೆರಳುತ್ತದೆ. ಕೆಂಪು, ಕಾವು, ಕೀವು, ಅದರ ನಾತ ಬೇರೆ. ಇಂಥ ಹೊತ್ತಲ್ಲಿ ಚೀಲ ಬಿಡಿಸಲಾಗದು. ಬಾವು ಸೀಳಿ ಕೀವು ಬಸಿದು, ಡ್ರೆಸ್ಸಿಂಗ್ ಮಾಡಿ, ಪೂರ್ತಿ ಇಳಿದ ಮೇಲೆ ಬಾ ಎಂದು ಕಳಿಸುತ್ತಾರೆ. ಸುಮ್ಮನಿದ್ದಿದ್ದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ.

ಯಜಮಾನರ ಉಂಡೆ ಫಾರ್ಮಲಿನ್ ಡಬ್ಬಿಯಲ್ಲಿ ಲ್ಯಾಬಿಗೆ ಹೊರಟಿದೆ. ಮೂರು ಹೊಲಿಗೆ ಬಿದ್ದಿದೆ. ಹತ್ತು ದಿನಕ್ಕೆ ಬಿಚ್ಚಿಸಿಕೊಳ್ಳಲು ಸಿಸ್ಟರ್ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮನೆಯಾಕೆ ಬಾಗಿಲು ದಾಟಿದವರು ಮತ್ತೆ ತಿರುಗಿ ಬಂದರು.

"ಬದನೆಕಾಯಿ ನಂಜಲ್ವಾ ಸಿಸ್ಟರ್, ಕೊಡಬಹುದಾ?"

"ಏನು ಬೇಕಾದರೂ ಕೊಡಿ ಅಮ್ಮ. ತಲೆಗೆ ಮಾತ್ರ ಎರಡು ದಿನ ನೀರು ಹಾಕಬೇಡಿ."